ಹೊಳೆಯ ದಡದ ಮರವೂ ಹೊಳೆಯೊಳಗಿನ ಮೀನೂ



ಮೈಸೂರು ಸಂಸ್ಥಾನದ ಕಾನೂನು ಪುಸ್ತಕಗಳಲ್ಲಿ ಒಂದೇ ವರ್ಷದ ಅಂತರದಲ್ಲಿ ಹುಟ್ಟಿದ ಎರಡು ರೆಗ್ಯುಲೇಷನ್ನುಗಳುಂಟು. ೧೯೦೦ರಲ್ಲಿ ಅರಣ್ಯದ ರೆಗ್ಯುಲೇಷನ್ ಬಂದಿತು. ಮರುವರ್ಷ, ಎಂದರೆ ೧೯೦೧ರಲ್ಲಿ, ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಕಾಪಾಡುವ ರೆಗ್ಯುಲೇಷನ್ ಬಂದಿತು. ಮೊದಲನೆಯದರ ಕಣ್ಣು ಮರದ ಮೇಲೆ. ಎರಡನೆಯದರ ಕಣ್ಣು ಪ್ರಾಣಿಯನ್ನೂ ಮೀನನ್ನೂ ಕೊಲ್ಲುವವನ ಮೇಲೆ. ಎರಡೂ ತಮ್ಮ ತಮ್ಮ ಮಟ್ಟಿಗೆ ಒಳ್ಳೆಯ ಕಾನೂನುಗಳೇ. ಆದರೆ ಹೊಳೆಯ ದಡದಲ್ಲಿ ಬೇರುಬಿಟ್ಟು, ನೀರಿನ ಮೇಲೆ ಕೊಂಬೆ ಚಾಚಿ, ಮೀನಿಗೆ ನೆರಳನ್ನೂ ಆಹಾರವನ್ನೂ ಕೊಡುತ್ತಿದ್ದ ಮರ ಯಾವ ಪುಸ್ತಕಕ್ಕೆ ಸೇರತಕ್ಕದ್ದು? ಅದು ಬಹುಮಟ್ಟಿಗೆ ಕಾಯ್ದಿಟ್ಟ ಅರಣ್ಯದ ಎಲ್ಲೆಯ ಹೊರಗೆ ನಿಂತಿದ್ದ ಮರ. ಅದರ ಕೆಳಗಿನ ನೆಲ ಕಂದಾಯದ ಲೆಕ್ಕದಲ್ಲಿ ಖರಾಬು. ಆದಕಾರಣ ಅದನ್ನು ಕಡಿದಾಗ ನಷ್ಟವಾಯಿತೆಂದು ಯಾರೂ ಬರೆದುಕೊಳ್ಳಲಿಲ್ಲ. ಆ ನಷ್ಟದ ಚರಿತ್ರೆಯನ್ನು, ಕಾವೇರಿಯಲ್ಲಿ ಕನ್ನಂಬಾಡಿಯಿಂದ ಮೇಕೆದಾಟುವಿನವರೆಗಿನ ಭಾಗವನ್ನೇ ಮುಖ್ಯವಾಗಿಟ್ಟುಕೊಂಡು, ಈಗ ವಿವರಿಸಬೇಕೆಂದಿದ್ದೇನೆ.

ಮೊದಲು ಆ ಮರಗಳಾವುವೆಂದು ತಿಳಿಯುವುದು ಒಳ್ಳೆಯದು. ಕಾವೇರಿಯ ದಡದ ಮರಗಳಲ್ಲಿ ಹಿರಿಯದು ಹೊಳೆಮತ್ತಿ. ಬೆಳ್ಳಗೆ ನುಣುಪಾದ ತೊಗಟೆ, ನೀರಿನ ಅಂಚಿನಲ್ಲಿ ಹಾವಿನ ರಾಶಿಯಂತೆ ಹೊರಬಂದ ಬೇರು, ನಾಲ್ಕಾರು ಜನ ಕೈಹಿಡಿದು ಸುತ್ತಬೇಕಾದ ಬೊಡ್ಡೆ. ಹರಿಯುವ ನೀರಿನ ಸಮೀಪವಲ್ಲದೆ ಇಷ್ಟು ದಪ್ಪವಾಗಿ ಇದು ಬೆಳೆಯುವುದು ಅಪರೂಪ. ಅದರೊಡನೆ ಹೊಂಗೆ, ನೇರಳೆ, ಅತ್ತಿ, ಹುಣಸೆ, ತಗ್ಗಿನಲ್ಲಿ ನೀರವಂಜಿ, ಅಲ್ಲಲ್ಲಿ ಬಿದಿರಿನ ಮೆಳೆ. ಬೇಸಗೆಯಲ್ಲಿ ಸುತ್ತಣ ಬೆಟ್ಟಗಳು ಎಲೆಯುದುರಿಸಿ ಬೋಳಾಗಿ ನಿಂತಿರುವಾಗ ಹೊಳೆಯ ಎರಡು ಮಗ್ಗುಲಲ್ಲಿ ಮಾತ್ರ ಹಸುರಿನ ಅಂಚು ಕಾಣುತ್ತದೆ. ಅಗಲದಲ್ಲಿ ಅದು ಬಹಳವಲ್ಲ. ಅನೇಕ ಕಡೆ ಒಂದು ಕಲ್ಲೆಸೆತದಷ್ಟು ಮಾತ್ರ. ಕಡಿಯುವವನಿಗೆ ಅದು ಎರಡು ದಿನದ ಕೆಲಸ.

ಈ ಅಂಚಿಗೂ ನೀರೊಳಗಿನ ಜೀವಕ್ಕೂ ಇರುವ ಸಂಬಂಧವನ್ನು ಮೀನು ಹಿಡಿಯುವವರು ಪುಸ್ತಕವಿಲ್ಲದೆಯೇ ಬಲ್ಲರು. ಅತ್ತಿಯ ಹಣ್ಣು, ನೇರಳೆಯ ಹಣ್ಣು ಮಾಗಿ ನೀರಿಗೆ ಬೀಳುವ ಕಾಲದಲ್ಲಿ ಬಿಳಿಮೀನೂ ಗೆಂಡೆಯ ಜಾತಿಯವೂ ಆ ಮರದ ಕೆಳಗೆ ಬಂದು ಕಾದಿರುತ್ತವೆ. ಹಣ್ಣು 'ತಟ್' ಎಂದು ಬಿದ್ದೊಡನೆಯೇ ನೀರು ಕಲಕುತ್ತದೆ. ಇಂಗ್ಲಿಷರು ಮಹಸೀರ್ ಎಂದು ಕರೆಯುವ ಮೀನೇ ನಮ್ಮ ಬಿಳಿಮೀನು. ಹಣ್ಣಿನ ಮಾತು ಹಾಗಿರಲಿ. ವರ್ಷವೆಲ್ಲ ಕೊಂಬೆಯಿಂದ ಉದುರುವ ಹುಳು, ಇರುವೆ, ಜೀರುಂಡೆಗಳೇ ಸಣ್ಣ ಮೀನಿಗೆ ನಿತ್ಯದ ಊಟ. ಉದುರಿದ ಎಲೆ ನೀರಿನಲ್ಲಿ ಕೊಳೆತು ಹುಳುಗಳನ್ನೂ ಸೀಗಡಿ ಏಡಿಗಳನ್ನೂ ಸಾಕುತ್ತದೆ. ಅವನ್ನು ಮೀನು ತಿನ್ನುತ್ತದೆ. ಮರದ ನೆರಳಿನಿಂದ ಬೇಸಗೆಯ ನೀರು ತಂಪಾಗಿರುತ್ತದೆ. ತಂಪಾದ ನೀರಿನಲ್ಲಿ ಪ್ರಾಣವಾಯು ಹೆಚ್ಚಾಗಿ ಕರಗಿರುತ್ತದೆ. ಬಿಳಿಮೀನಿನಂಥ ದೊಡ್ಡ ಮೀನಿಗೆ ಅದಿಲ್ಲದೆ ಸಾಗದು. ಬೇರುಗಳ ಸಂದು ಮರಿಗಳಿಗೆ ತೊಟ್ಟಿಲು. ಪ್ರವಾಹದಲ್ಲಿ ಉರುಳಿ ನೀರಿಗೆ ಬಿದ್ದ ಮುದಿಮರವೂ ವ್ಯರ್ಥವಾಗುವುದಿಲ್ಲ. ಅದರ ಮರೆಯಲ್ಲಿ ಮಡು ಏರ್ಪಡುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದುದೊಂದಿದೆ. ಬಿಳಿಮೀನು ಮಳೆಗಾಲದಲ್ಲಿ ಹರಿಯುವ ನೀರಿನ ಕೆಳಗಣ ಜಲ್ಲಿಯ ಮೇಲೆ ಮೊಟ್ಟೆಯಿಡುತ್ತದೆ. ಬೇರು ಹಿಡಿದಿದ್ದ ದಡ ಸಡಿಲವಾಗಿ ಕುಸಿದರೆ ಮಣ್ಣು ಆ ಜಲ್ಲಿಯ ಸಂದುಗಳನ್ನು ತುಂಬಿ ಮೊಟ್ಟೆಗಳನ್ನು ಮುಚ್ಚಿಬಿಡುತ್ತದೆ. ಮೇಲೆ ಮರ ಕಡಿದವನು ಕೆಳಗೆ ಹುಟ್ಟಬೇಕಾಗಿದ್ದ ಮೀನನ್ನೂ ಕೊಂದಂತಾಯಿತು. ಆದರೆ ಅವನ ಕೈಯಲ್ಲಿ ಗಾಳವಿರಲಿಲ್ಲ, ಬಲೆಯಿರಲಿಲ್ಲ. ೧೯೦೧ರ ರೆಗ್ಯುಲೇಷನ್ನು ಅವನನ್ನು ಏನೆಂದು ಹಿಡಿದೀತು?

ಈ ಸಂಗತಿಗಳಲ್ಲಿ ಕೆಲವನ್ನು ಅಕ್ಷರದಲ್ಲಿ ಇಳಿಸಿದವರ ಪೈಕಿ ಹೆನ್ರಿ ಸಲಿವನ್ ಥಾಮಸ್ ಎಂಬಾತನು ಸ್ಮರಣೀಯನು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕಲೆಕ್ಟರಾಗಿದ್ದ ಈತನು ಗಾಳದ ಬೇಟೆಯನ್ನು ಕುರಿತು ಬರೆದ ದೊಡ್ಡ ಗ್ರಂಥವು ೧೮೭೩ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಬಿಳಿಮೀನು ಏಡಿ, ಸಣ್ಣಮೀನುಗಳನ್ನಲ್ಲದೆ ದಡದ ಮರಗಳಿಂದ ಉದುರುವ ಹಣ್ಣು ಬೀಜಗಳನ್ನೂ ತಿನ್ನುತ್ತದೆಂಬುದನ್ನು ಅವನು ಗಮನಿಸಿದ್ದನು. ಸಣ್ಣ ಕಣ್ಣಿನ ಬಲೆಯಿಂದಲೂ ನೀರಿಗೆ ವಿಷ ಹಾಕುವುದರಿಂದಲೂ ಮೀನಿನ ಸಂತತಿ ಹಾಳಾಗುತ್ತಿದೆಯೆಂದು ಅವನು ಸರ್ಕಾರಕ್ಕೆ ಬಲವಾಗಿ ವಾದಿಸಿದನು. ಅವನಂಥವರ ಒತ್ತಾಯದ ಫಲವಾಗಿಯೇ ಬ್ರಿಟಿಷ್ ಇಂಡಿಯಾದಲ್ಲಿ ೧೮೯೭ರ ಮೀನುಗಾರಿಕೆಯ ಕಾನೂನು ಬಂದು, ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದು ಅಪರಾಧವಾಯಿತು. ಹಣ್ಣು ತಿನ್ನುವ ಮೀನೆಂದು ಬಲ್ಲವರೂ ಹಣ್ಣಿನ ಮರದ ಪರವಾಗಿ ಒಂದು ಕಲಮನ್ನು ಕೇಳಲಿಲ್ಲ. ಆ ಕಾಲದಲ್ಲಿ ದಡದ ಮರ ಎಂದೆಂದಿಗೂ ಅಲ್ಲಿಯೇ ಇರತಕ್ಕ ವಸ್ತುವೆಂಬ ಭಾವನೆ ಇದ್ದಿರಬೇಕು.

ಬೆಸ್ತರ ಬದುಕಿಗೂ ಮರಕ್ಕೂ ಇದ್ದ ನಂಟು ಇನ್ನೂ ಹತ್ತಿರದ್ದು. ಹರಿಗೋಲಿನ ಬುಟ್ಟಿ ದಡದ ಬಿದಿರಿನದು, ಕೂಳಿಯೂ ಬಿದಿರಿನದೇ, ನೂಲಿನ ಬಲೆ ಕೊಳೆಯದಂತೆ ಅದನ್ನು ಅದ್ದುತ್ತಿದ್ದುದು ಮರದ ತೊಗಟೆಯ ಚೊಗರಿನಲ್ಲಿ. ನೈಲಾನ್ ಬಲೆ ಬಂದಮೇಲೆ ಈ ಕೊನೆಯ ಪದ್ಧತಿ ಮರೆಯಾಯಿತು. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು: ಕಾರೆಕಾಯಿಯನ್ನು ಜಜ್ಜಿ ನಿಂತ ಮಡುವಿಗೆ ಹಾಕಿ ಮೀನಿಗೆ ಮಂಪರು ತರಿಸಿ ಹಿಡಿಯುವುದೂ ನಮ್ಮ ಹಳ್ಳಿಗಾಡಿನ ಹಳೆಯ ವಿದ್ಯೆಯೇ. ಮರಗಿಡಗಳು ಮೀನನ್ನು ಸಾಕಿದಂತೆ ಕೊಲ್ಲುವುದಕ್ಕೂ ಒದಗಿದುವು. ಹಿಂದಿನವರೆಲ್ಲರೂ ಪ್ರಕೃತಿಯ ಭಕ್ತರಾಗಿದ್ದರೆಂದು ಹೇಳುವುದು ನಮ್ಮ ಈಗಿನ ಭಾಷಣಕಾರರ ಅಭ್ಯಾಸ. ಅದನ್ನು ನಾನು ಒಪ್ಪಲಾರೆ. ಒಂದು ಮಡುವಿನ ಮೀನು ಒಂದು ದಿನ ಸತ್ತರೆ ಮುಂದಿನ ಮಳೆಗಾಲದಲ್ಲಿ ಹೊಳೆ ಆ ಮಡುವನ್ನು ಮತ್ತೆ ತುಂಬುತ್ತಿತ್ತು. ಹಿಂದಿನವರ ತಪ್ಪನ್ನು ತಿದ್ದುವ ಶಕ್ತಿ ಹೊಳೆಗೆ ಆಗ ಇತ್ತು, ಇಷ್ಟೇ.

ಇನ್ನು ಕಡಿತದ ಚರಿತ್ರೆ. ಕಾವೇರಿಯ ಮಗ್ಗುಲ ಮರಗಳಿಗೆ ಬಂದ ಪ್ರಸಿದ್ಧವಾದ ಒಂದು ಆಪತ್ತು ಯುದ್ಧದ್ದು. ೧೭೯೨ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೈನ್ಯವು ಶ್ರೀರಂಗಪಟ್ಟಣದ ದ್ವೀಪದ ಪೂರ್ವಭಾಗವನ್ನು ಹಿಡಿದಾಗ, ಕೋಟೆಯ ಮುತ್ತಿಗೆಗೆ ಬೇಕಾದ ಕಟ್ಟಿಗೆಯ ಹೊರೆಗಳಿಗಾಗಿ ಟೀಪೂ ಸುಲ್ತಾನನ ಲಾಲ್‌ಬಾಗಿನ ಮರಗಳನ್ನು ಉರುಳಿಸಿತು. ಅವು ನೆಟ್ಟು ಬೆಳೆಸಿದ ತೋಟದ ಮರಗಳು, ಹೊಳೆಯ ಸ್ವಂತ ಮರಗಳಲ್ಲವೆಂಬುದು ನಿಜ. ಯುದ್ಧ ತಿಂಗಳೆರಡು ತಿಂಗಳಲ್ಲಿ ಮುಗಿಯಿತು. ಶಾಂತಿಕಾಲದ ಕೊಡಲಿ ಹಾಗೆ ನಿಲ್ಲಲಿಲ್ಲ. ೧೮೬೪ರಲ್ಲಿ ಮೈಸೂರಿನಲ್ಲಿ ಅರಣ್ಯ ಇಲಾಖೆ ಏರ್ಪಟ್ಟಿತು. ಅದರ ದೃಷ್ಟಿ ತೇಗ, ಬೀಟೆ, ಗಂಧ ಮೊದಲಾದ ಬೆಲೆಯುಳ್ಳ ಮರಗಳ ಮೇಲೆ ನೆಟ್ಟಿತು. ಹೊಳೆಮತ್ತಿಯೂ ಹೊಂಗೆಯೂ ಆ ಪಂಕ್ತಿಯಲ್ಲಿ ಕುಳಿತವಲ್ಲ. ಬೆಂಗಳೂರಿನಿಂದ ಮೈಸೂರಿಗೆ ರೈಲು ೧೮೮೨ರಲ್ಲಿ ತಲುಪಿತು. ಸೌದೆಯ ಬೇಡಿಕೆ ಏರಿತು. ಪಟ್ಟಣಗಳು ಬೆಳೆದಂತೆ ಇಟ್ಟಿಗೆಯ ಗೂಡುಗಳು ಹೊಳೆಯ ಮಗ್ಗುಲಿಗೇ ಬಂದುವು. ಮಣ್ಣು ಅಲ್ಲಿಯೇ, ನೀರು ಅಲ್ಲಿಯೇ, ಸುಡುವ ಸೌದೆಯೂ ಅಲ್ಲಿಯೇ.

ಕನ್ನಂಬಾಡಿಯ ಕಟ್ಟೆಯ ಕೆಲಸ ೧೯೧೧ರಲ್ಲಿ ಆರಂಭವಾಗಿ ೧೯೩೧ರಲ್ಲಿ ಪೂರ್ತಿಯಾಯಿತು. ಮಂಡ್ಯದ ಸೀಮೆಗೆ ಅದು ಮಾಡಿದ ಉಪಕಾರವನ್ನು ಅಲ್ಲಗಳೆಯುವವನು ಕೃತಘ್ನನೇ ಸರಿ. ಬರದಲ್ಲಿ ಗುಳೆಹೋಗುತ್ತಿದ್ದ ಊರುಗಳು ಅನ್ನ ಕಂಡುವು. ಆದರೆ ಚರಿತ್ರೆ ಬರೆಯುವವನು ಜಮೆಯೊಡನೆ ಖರ್ಚನ್ನೂ ಬರೆಯಬೇಕಾಗುತ್ತದೆ. ಕಟ್ಟೆಯ ಹಿಂದೆ ಹಳೆಯ ದಡ ಮುಳುಗಿತು. ಅಲ್ಲಿ ಹೊಸ ದಡ ಹುಟ್ಟಲಿಲ್ಲವೇ ಎಂದರೆ, ಹುಟ್ಟಿತು. ಆದರೆ ಅದು ಋತುವಿಗೊಮ್ಮೆ ಏರಿ ಇಳಿಯುವ ನೀರಿನ ಗೆರೆ. ಆರು ತಿಂಗಳು ಆಳದಲ್ಲಿ, ಆರು ತಿಂಗಳು ಬಿಸಿಲಿನಲ್ಲಿ ಇರುವ ನೆಲದ ಮೇಲೆ ಹೊಳೆಮತ್ತಿಯ ಸಸಿ ನಿಲ್ಲಲಾರದು. ಮಳೆಗಾಲದಲ್ಲಿ ಮೊಟ್ಟೆಯಿಡಲು ಮೇಲಕ್ಕೆ ಹೊರಡುವ ಮೀನಿಗೆ ಕಟ್ಟೆಯೇ ಗೋಡೆಯಾಯಿತು. ಕಟ್ಟೆಯ ಕೆಳಗಾದರೋ, ನಾಲೆಯ ನೀರು ಬಂದು ಗದ್ದೆ ಕಬ್ಬುಗಳು ಹಬ್ಬಿದುವು. ೧೯೩೩ರಲ್ಲಿ ಮಂಡ್ಯದ ಸಕ್ಕರೆಯ ಕಂಪೆನಿ ಸ್ಥಾಪಿತವಾದ ಮೇಲೆ ಕಬ್ಬಿಗೆ ಮನೆಬಾಗಿಲಿನಲ್ಲಿಯೇ ಕೊಳ್ಳುವವನು ಸಿಕ್ಕಿದನು. ಒಂದು ಎಕರೆಯ ಬೆಲೆ ಏರಿದಾಗ ದಡದ ಹತ್ತು ಗಜವೂ ಕಣ್ಣಿಗೆ ಬಿತ್ತು. ಮುಂದೆ ವಿದ್ಯುತ್ತಿನ ಪಂಪುಗಳು ಬಂದು ಹೊಳೆಯಿಂದಲೇ ನೇರವಾಗಿ ನೀರೆತ್ತುವುದು ಸುಲಭವಾದ ಮೇಲೆ, ಉತ್ತ ಸಾಲು ನೀರಿನ ಅಂಚಿಗೇ ಹೋಗಿ ನಿಂತಿತು. ಅಲ್ಲಿ ಈಗ ಮರವೆಂದರೆ ತೆಂಗು. ತೆಂಗಿನ ಮೇಲೆ ನನಗೆ ಕೋಪವಿಲ್ಲ. ಆದರೆ ಅದು ಹೊಳೆಮತ್ತಿಯಂತೆ ದಡವನ್ನು ಹಿಡಿಯದು, ನೀರಿನ ಮೇಲೆ ನೆರಳು ಹಾಸದು, ಮೀನಿಗೆ ಹಣ್ಣುದುರಿಸದು.

ರೈತನ ಪಕ್ಷದಲ್ಲಿ ಹೇಳುವುದಕ್ಕೂ ನ್ಯಾಯವಾದ ಮಾತುಗಳಿವೆ. ಮರದ ನೆರಳಿನಲ್ಲಿ ಪೈರು ಸೊರಗುತ್ತದೆ. ಮೆಳೆಯಲ್ಲಿ ಹಂದಿ ಅಡಗುತ್ತದೆ. ತುಂಡು ಭೂಮಿಯ ಒಡೆಯನಿಗೆ ಹತ್ತು ಗಜವೂ ಒಂದು ಮೂಟೆ ಬತ್ತವೇ. ಅವನು ಕಡಿದ ಮರದಿಂದ ಅವನಿಗೆ ಬಂದ ಲಾಭ ಅವನ ಕಣಜದಲ್ಲಿ ಕಾಣುತ್ತದೆ. ನಷ್ಟವು ಮೂರು ಮೈಲಿ ಕೆಳಗಣ ಬೆಸ್ತನ ಬಲೆಯಲ್ಲಿ ಕಾಣುತ್ತದೆ. ಇಬ್ಬರೂ ಬಡವರೇ, ಇಬ್ಬರೂ ಒಂದೇ ಸಂತೆಗೆ ಹೋಗುವವರೇ. ಬೆಸ್ತನಿಗೆ ತನ್ನ ಬಲೆ ಏಕೆ ಹಗುರವಾಯಿತೆಂದು ಕೇಳಲು ಒಂದು ಕಚೇರಿಯಿಲ್ಲ. ಬಲೆಯ ಕಣ್ಣನ್ನು ಅವನು ಇನ್ನೂ ಸಣ್ಣದು ಮಾಡಿದನು. ಮರಿಗಳೂ ಮೇಲೆ ಬಂದುವು. ಕಾನೂನು ಆಗ ಅವನನ್ನು ಹಿಡಿಯಿತು.

ಹೊಳೆಯ ನೆಂಟರಾದ ಪ್ರಾಣಿಗಳ ಸ್ಥಿತಿಯೂ ಇದೇ ದಾರಿ. ಕಾವೇರಿಯಲ್ಲಿ ನೀರುನಾಯಿಗಳು ಗುಂಪುಗಟ್ಟಿ ಬಾಳುತ್ತವೆ. ಬಂಡೆಗಳ ಸಂದಿನಲ್ಲಿ, ಮರದ ಬೇರಿನ ಕೆಳಗಣ ಪೊಟರೆಯಲ್ಲಿ ಮರಿಹಾಕುತ್ತವೆ. ಮೀನು ಹೇರಳವಾಗಿದ್ದಾಗ ಬೆಸ್ತನಿಗೂ ನೀರುನಾಯಿಗೂ ದೊಡ್ಡ ಜಗಳವಿರುವುದಿಲ್ಲ. ಮೀನು ಕಡಮೆಯಾದಾಗ ಅದು ಬಲೆಯೊಳಗಿನ ಮೀನಿಗೇ ಬಾಯಿಹಾಕಿ ಬಲೆಯನ್ನು ಹರಿಯುತ್ತದೆ. ಬೆಸ್ತನು ಅದನ್ನು ಕಳ್ಳನೆಂದು ಬೈಯುತ್ತಾನೆ. ಮೀನುಹದ್ದು ನೀರಿಗೆ ಸಮೀಪದ ಎತ್ತರವಾದ ಮರವನ್ನೇ ಗೂಡಿಗೆ ಹುಡುಕುತ್ತದೆ. ಮೀನುಗೂಬೆ ದಟ್ಟವಾದ ಕೊಂಬೆಯಲ್ಲಿ ಹಗಲು ಕಳೆದು, ರಾತ್ರಿ ಅಲ್ಲಿಂದಲೇ ನೀರಿನ ಕಡೆ ನೋಡುತ್ತದೆ. ದಡ ಬೋಳಾದರೂ ಉಳಿಯತಕ್ಕ ಹಕ್ಕಿಗಳಿಲ್ಲವೆಂದಲ್ಲ. ಮಿಂಚುಳ್ಳಿ ಮಣ್ಣಿನ ಗೋಡೆಯಲ್ಲಿ ಬಿಲ ಕೊರೆದು ಸಂಸಾರ ಹೂಡುತ್ತದೆ. ಕುಸಿದ ದಡ ಅದಕ್ಕೆ ಕೆಲವು ಕಾಲ ಅನುಕೂಲವೇ. ಕೂರಲು ಕೊಂಬೆ ಇಲ್ಲದಿದ್ದರೆ ಪಂಪಿನ ತಂತಿಯ ಮೇಲೆ ಕೂರುತ್ತದೆ.

ಮರ ಉಳಿದರೆ ಏನಾಗುವುದೆಂಬುದಕ್ಕೆ ಸಾಕ್ಷಿಯೂ ಇದೇ ಹೊಳೆಯಲ್ಲಿದೆ. ಶ್ರೀರಂಗಪಟ್ಟಣದ ಬಳಿ ೧೬೪೫ರಿಂದ ೧೬೪೮ರವರೆಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಹೊಳೆಗೆ ಅಡ್ಡಲಾಗಿ ಕಟ್ಟಿದ ಒಂದು ಅಣೆಯಿಂದ ಕೆಲವು ಸಣ್ಣ ದ್ವೀಪಗಳು ಉಂಟಾದುವು. ನೀರು ಸುತ್ತುವರಿದುದರಿಂದ ಕೊಡಲಿಗೂ ದನಕ್ಕೂ ಅಲ್ಲಿ ದಾರಿ ಸುಲಭವಾಗಿರಲಿಲ್ಲ. ಹೊಳೆಮತ್ತಿ, ಬಿದಿರು, ಕೇದಗೆಗಳು ಬೆಳೆದುವು. ಕೊಕ್ಕರೆಗಳು, ಚಮಚದ ಕೊಕ್ಕಿನ ಹಕ್ಕಿಗಳು, ಬೆಳ್ಳಕ್ಕಿಗಳು ಬಂದು ನೆಲೆಸಿದುವು. ಮೈಸೂರಿನ ಪಕ್ಷಿಗಳನ್ನು ಪರಿಶೀಲಿಸಲು ಬಂದಿದ್ದ ಸಲೀಂ ಅಲಿಯವರು ಇದರ ಬೆಲೆಯನ್ನು ಕಂಡು ತಿಳಿಸಿದಮೇಲೆ, ೧೯೪೦ರಲ್ಲಿ ಅದು ರಂಗನತಿಟ್ಟು ಎಂಬ ಹೆಸರಿನ ಪಕ್ಷಿಧಾಮವಾಯಿತು. ವಿಸ್ತಾರ ಎಷ್ಟೆಂದು ಕೇಳಿದರೆ ದ್ವೀಪಗಳೆಲ್ಲ ಸೇರಿ ಸುಮಾರು ೪೦ ಎಕರೆ. ಒಬ್ಬ ಅನುಕೂಲಸ್ಥ ರೈತನ ಹಿಡುವಳಿಗಿಂತ ಬಹಳ ದೊಡ್ಡದಲ್ಲ. ಅಷ್ಟರಲ್ಲಿ ಸಾವಿರಾರು ಹಕ್ಕಿಗಳು ಗೂಡುಕಟ್ಟುತ್ತವೆ. ಕೆಳಗೆ ಮೊಸಳೆಗಳೂ ನೀರುನಾಯಿಗಳೂ ಇವೆ. ೨೦೨೨ರಲ್ಲಿ ಅದು ರಾಮ್‌ಸಾರ್ ಒಪ್ಪಂದದ ಪ್ರಕಾರ ಜಗತ್ತಿನ ಮುಖ್ಯವಾದ ಜೌಗುನೆಲೆಗಳ ಪಟ್ಟಿಗೆ ಸೇರಿತು. ಅಣೆಕಟ್ಟೆಯಿಂದ ಕೇಡೇ ಆಗುವುದೆಂದು ತಿಳಿದವರಿಗೆ ಈ ಹದಿನೇಳನೆಯ ಶತಮಾನದ ಅಣೆ ಒಂದು ಒಳ್ಳೆಯ ಉತ್ತರ. ಇಲ್ಲಿ ಹಕ್ಕಿಗಳಿಗೆ ಬೇಕಾದದ್ದು ಮರ ಮತ್ತು ಏಕಾಂತ. ಎರಡನ್ನೂ ಕೊಟ್ಟದ್ದು ಆ ಅಣೆಯೇ. ದೇವಸ್ಥಾನದ ಮಡುಗಳಲ್ಲಿಯೂ ಹೀಗೆಯೇ. ರಾಮನಾಥಪುರದಲ್ಲಿ ಕಾವೇರಿಯ ಮೀನೂ ಶೃಂಗೇರಿಯಲ್ಲಿ ತುಂಗೆಯ ಮೀನೂ ದೇವರ ಮೀನೆಂದು ಬಲೆಯಿಂದ ತಪ್ಪಿಸಿಕೊಂಡಿವೆ. ಆದರೆ ಅಲ್ಲಿಯ ಮೀನನ್ನು ಭಕ್ತರ ಪುರಿ ಸಾಕುತ್ತದೆ. ಮಿಕ್ಕ ಹೊಳೆಯಲ್ಲಿ ಪುರಿ ಹಾಕುವವರು ಯಾರು?

ಬಿಳಿಮೀನಿನ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ೧೯೪೬ರ ಮಾರ್ಚಿಯಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಪಿಲೆಯಲ್ಲಿ, ಎಂದರೆ ಕಬಿನಿಯಲ್ಲಿ, ಗಾಳದಿಂದ ಹಿಡಿದ ಬಿಳಿಮೀನಿನ ತೂಕ ೧೨೦ ಪೌಂಡು. ಗಾಳದ ಬೇಟೆಯ ದಾಖಲೆಗಳಲ್ಲಿ ಆ ತೂಕ ಪ್ರಸಿದ್ಧವಾಗಿದೆ. ಬೆನ್ನು ಗೂನಾದ ಈ ಜಾತಿ ಕಾವೇರಿ ಮತ್ತು ಅದರ ಉಪನದಿಗಳ ಸ್ವಂತ ಸೊತ್ತು. ಜಗತ್ತಿನ ಬೇರಾವ ಹೊಳೆಯಲ್ಲಿಯೂ ಇದು ಹುಟ್ಟಲಿಲ್ಲ. ಇಷ್ಟು ಖ್ಯಾತಿವೆತ್ತ ಮೀನಿಗೆ ವಿಜ್ಞಾನಿಗಳು ಸರಿಯಾದ ಹೆಸರನ್ನು ನಿಶ್ಚಯಿಸಿದುದು ೨೦೧೮ರಲ್ಲಿ. ಪಾಂಬಾರ್ ಎಂಬ ಕಾವೇರಿಯ ಉಪನದಿಯಿಂದ ೨೦೦೭ರಲ್ಲಿ ವರ್ಣಿತವಾಗಿದ್ದ 'ತೋರ್ ರೆಮಾದೇವಿ' ಎಂಬುದೂ ಇದೂ ಒಂದೇ ಎಂದು ಆಗ ಗೊತ್ತಾಯಿತು. ಹೆಸರು ಸಿಕ್ಕಿದ ವರ್ಷವೇ ಅದು ನಾಶದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಈ ಅವನತಿಗೆಲ್ಲ ಮರ ಕಡಿದುದೇ ಕಾರಣವೆಂದು ವಾದಿಸಿದರೆ ಅದು ವಕೀಲನ ಮಾತಾದೀತೇ ಹೊರತು ಚರಿತ್ರಕಾರನ ಮಾತಾಗದು. ಕಟ್ಟೆಗಳು ದಾರಿ ಮುಚ್ಚಿದುವು. ಸಿಡಿಮದ್ದು ಮಡುಗಳನ್ನು ಬರಿದುಮಾಡಿತು. ಮರಳನ್ನು ತೋಡಿ ಸಾಗಿಸಿ ಹೊಳೆಯ ತಳವನ್ನೇ ಕೆಡಿಸಿದ್ದಾಯಿತು. ೧೯೭೦ರ ದಶಕದ ಈಚೆಗೆ ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ಇನ್ನೊಂದು ಜಾತಿಯ ಬಿಳಿಮೀನಿನ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ಬಿಟ್ಟರು. ಹೊರಗಿನಿಂದ ಬಂದ ಆ ನೀಲಿರೆಕ್ಕೆಯ ಮೀನು ಹೆಚ್ಚಿದಂತೆ ಗೂನುಬೆನ್ನಿನದು ಕಡಮೆಯಾಯಿತು. ಇವುಗಳಲ್ಲಿ ಯಾವುದು ಎಷ್ಟು ಪಾಲೆಂದು ತಕ್ಕಡಿಯಲ್ಲಿ ತೂಗಲಾಗದು. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಟ್ಟೆ, ಸಿಡಿಮದ್ದು, ಮರಳು ಇವುಗಳನ್ನು ಕುರಿತು ಕಡತಗಳಿವೆ, ಕಾನೂನುಗಳಿವೆ, ಮೊಕದ್ದಮೆಗಳಿವೆ. ಮೀನಿನ ಇಲಾಖೆಯವರು ಮರಿಗಳನ್ನು ಎಣಿಸಿ ಹೊಳೆಗೆ ಬಿಡುತ್ತಾರೆ. ಬಿಟ್ಟ ಮರಿಗೆ ನೆರಳೆಲ್ಲಿ, ಬೇರಿನ ಸಂದೆಲ್ಲಿ ಎಂದು ಎಣಿಸುವುದು ಆ ಇಲಾಖೆಯ ಕೆಲಸವಲ್ಲ.

ಶಿವನಸಮುದ್ರದ ಕೆಳಗೆ ಹೊಳೆ ಬೆಟ್ಟಗಳ ನಡುವೆ ಇಳಿದು ಮುತ್ತತ್ತಿ, ಸಂಗಮ, ಮೇಕೆದಾಟುಗಳನ್ನು ಹಾಯ್ದುಹೋಗುವ ಭಾಗದಲ್ಲಿ ನೇಗಿಲಿಗೆ ನೆಲ ಸಿಕ್ಕಲಿಲ್ಲ. ಆದುದರಿಂದ ಹಳೆಯ ಅಂಚು ಬಹುಮಟ್ಟಿಗೆ ಉಳಿಯಿತು. ೧೯೮೭ರಲ್ಲಿ ಈ ಪ್ರದೇಶ ಕಾವೇರಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಇಲ್ಲಿಯ ಹೊಳೆಮತ್ತಿಗಳ ಮೇಲೆ ನರೆಬಣ್ಣದ ಒಂದು ದೊಡ್ಡ ಅಳಿಲು ವಾಸಮಾಡುತ್ತದೆ. ದಕ್ಷಿಣ ಭಾರತದ ಕೆಲವೇ ಸ್ಥಳಗಳನ್ನೂ ಸಿಂಹಳವನ್ನೂ ಬಿಟ್ಟರೆ ಇದು ಬೇರೆಲ್ಲಿಯೂ ಇಲ್ಲ. ನೆಲಕ್ಕಿಳಿಯುವುದು ಇದಕ್ಕೆ ಸೇರದು. ಕೊಂಬೆಯಿಂದ ಕೊಂಬೆಗೆ ನೆಗೆದೇ ಊರು ಸುತ್ತುತ್ತದೆ. ಎರಡು ಮರಗಳ ತಲೆ ಕೂಡುವ ಕಡೆ, ಓಡಿಹೋಗಲು ದಾರಿಯಿರುವಂತೆ, ಎಲೆ ಕಡ್ಡಿಗಳ ಗೂಡು ಕಟ್ಟುತ್ತದೆ. ಸಾಲಿನಲ್ಲಿ ಒಂದು ಮರ ಬಿದ್ದರೆ ಅದಕ್ಕೆ ಸೇತುವೆ ಮುರಿದಂತೆ. ಅದೇ ಕೊಂಬೆಗಳ ಕೆಳಗೆ ಬಿಳಿಮೀನು ಈಗಲೂ ಹಣ್ಣಿಗೆ ಕಾಯುತ್ತದೆ. ಆದರೆ ಇಲ್ಲಿಯೂ ನೀರು ಕುಡಿಯಲು ಬರುವ ದನಕುರಿಗಳು ದಡದ ಸಸಿಗಳನ್ನು ಮೇಯುತ್ತವೆ. ಮುತ್ತತ್ತಿಗೂ ಸಂಗಮಕ್ಕೂ ಬರುವ ಯಾತ್ರಿಕರು ಮರದ ಬುಡದಲ್ಲಿಯೇ ಒಲೆ ಹೂಡುತ್ತಾರೆ. ಅಜ್ಜನ ಕಾಲದ ಹೊಳೆಮತ್ತಿಗಳು ನಿಂತೇ ಇವೆ. ಅವುಗಳ ಕೆಳಗೆ ಮೊಣಕಾಲೆತ್ತರದ ಒಂದು ಸಸಿಯೂ ಕಾಣದ ಜಾಗಗಳು ಅನೇಕವಿವೆ.